ಯಾರು ಆತ್ಮಹತ್ಯೆಗೆ ಮುಂದಾಗುತ್ತಾರೆ ಎಂಬುದು ಮೊದಲೇ ತಿಳಿಯುವುದಿಲ್ಲವೇ?

ಮಾನಸಿಕ ಚಿಕಿತ್ಸೆಯ ಕೆಲಸದಲ್ಲಿರುವ ನನ್ನನ್ನು ಬಂಧುಗಳೂ ರೋಗಿಗಳ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಪ್ರಶ್ನಾವಳಿ ತುಂಬಿಸಿ ಅಂಕ ಕೂಡಿಸಿದರೆ, ಯಾರು ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ ಎಂಬುದು ನಿಮಗೆ ಗೊತ್ತಾಗುವುದಿಲ್ಲವೇ? ಗೊತ್ತಾಗುವುದಿಲ್ಲ.

ಅಮೆರಿಕದ ಮನೋವೈದ್ಯ ಅಲೆಕ್ಸ್ ಪೊಕೊರ್ನಿ ಆಸ್ಪತ್ರೆಗೆ ದಾಖಲಾದ 4,800 ಮಾಜಿ ಸೈನಿಕರನ್ನು ಇಂಥ ಅಂಕ ಕೊಡುವ ಹಲವು ಮಾಪಕಗಳಿಂದ ಪರೀಕ್ಷಿಸಿ, ವರ್ಷಗಟ್ಟಲೆ ಅವರ ಜಾಡು ಹಿಡಿದು, 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಅಪಾಯದಲ್ಲಿದ್ದಾರೆಂದು ಗುರುತಿಸಿದ್ದ 803 ಮಂದಿಯಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 30. ಉಳಿದವರಲ್ಲಿ, ಅಂದರೆ ಅಷ್ಟೇನೂ ಅಪಾಯವಿಲ್ಲವೆಂದು ಎಣಿಸಿದ್ದವರಲ್ಲಿ, 37. ಅಪರೂಪಕ್ಕೆ ನಡೆಯುವುದನ್ನು ಮುಂಚಿತವಾಗಿ ಹೇಳಹೊರಟರೆ ಲೆಕ್ಕ ಹೀಗೆಯೇ ಕೈಕೊಡುತ್ತದೆ. 50 ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲೂ ಅಂದಾಜುಗಳು ನಾಣ್ಯ ಚಿಮ್ಮುವುದಕ್ಕಿಂತ ತುಸು ಮೇಲಷ್ಟೇ ಇದ್ದವು. ಭವಿಷ್ಯ ಹೇಳಲಾಗಲಿ, ಯಾರಿಗೆ ಚಿಕಿತ್ಸೆ ಕೊಡಬೇಕೆಂದು ತೀರ್ಮಾನಿಸಲಾಗಲಿ ಮಾಪಕಗಳನ್ನು ಬಳಸಬಾರದೆಂದು ಚಿಕಿತ್ಸಾ ಕ್ರಮಗಳ ಬಗ್ಗೆ ವೈದ್ಯರಿಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ನೇರವಾಗಿಯೇ ಹೇಳುತ್ತದೆ.

ಹಾಗಾದರೆ ನಾವು ಕೇಳುವುದಾದರೂ ಏಕೆ? ಎದುರಿಗಿರುವವರಿಗೆ ಈಗ ಏನು ಬೇಕೆಂದು ತಿಳಿಯಲು. "ಬದುಕೇ ಬೇಡ ಅನ್ನಿಸುತ್ತಿದೆಯೇ?" ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಎಷ್ಟೋ ಜನರಿಗೆ ಕೊನೆಗೂ ಯಾರೋ ಕೇಳಿದರಲ್ಲ ಎಂದು ಎದೆ ಹಗುರಾಗುತ್ತದೆ. ಮನೆಯವರೂ ಹೀಗೆ ಕೇಳಬಹುದು. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ನಿದ್ದೆ, ಕುಡಿತ, ಇತ್ತೀಚಿನ ನಷ್ಟ, ಹಿಂದಿನ ಪ್ರಯತ್ನ, ಬದುಕಿಗೆ ಕಟ್ಟಿಹಾಕಿರುವ ನಂಟುಗಳು, ಇವೆಲ್ಲವನ್ನೂ ನಾವು ವಿಚಾರಿಸುತ್ತೇವೆ. ಆದರೆ ಸಾಯುವ ಯೋಚನೆ ಗಂಟೆಗಳಲ್ಲೇ ಏರಿಳಿಯುವಂಥದ್ದು, ಆದ್ದರಿಂದ ಸೋಮವಾರದ ಉತ್ತರವನ್ನು ಗುರುವಾರಕ್ಕೂ ನಂಬಿ ಕೂರುವಂತಿಲ್ಲ. ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ವಾರಗಳಂತೂ ಅತ್ಯಂತ ನಾಜೂಕಿನವು.

ಅಂಕಕ್ಕಿಂತ ಉಪಯುಕ್ತವಾದದ್ದು ಸುರಕ್ಷಾ ಯೋಜನೆ. ಸಂಕಟ ಹೆಚ್ಚುತ್ತಿರುವ ಸೂಚನೆಗಳೇನು, ಆಗ ತಾನಾಗಿ ಏನು ಮಾಡಿಕೊಳ್ಳಬಹುದು, ಯಾರಿಗೆ ಫೋನ್ ಮಾಡಬೇಕು, ಅಪಾಯದ ವಸ್ತುಗಳನ್ನು ಹೇಗೆ ದೂರವಿಡಬೇಕು ಎಂಬುದನ್ನು ರೋಗಿಯೊಡನೆ ಕುಳಿತು, ಅವರದೇ ಮಾತಿನಲ್ಲಿ ಬರೆದುಕೊಳ್ಳುವುದು. ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಯೋಜನೆಯ ಜೊತೆಗೆ ಸಿಬ್ಬಂದಿ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸುತ್ತಿದ್ದ ರೋಗಿಗಳಲ್ಲಿ ಆತ್ಮಹತ್ಯಾ ವರ್ತನೆ ಮುಂದಿನ ಆರು ತಿಂಗಳಲ್ಲಿ, ಎಂದಿನ ಚಿಕಿತ್ಸೆಯಷ್ಟೇ ಪಡೆದವರಿಗೆ ಹೋಲಿಸಿದರೆ, ಸುಮಾರು ಅರ್ಧದಷ್ಟಿತ್ತು. "ಹಾನಿ ಮಾಡಿಕೊಳ್ಳುವುದಿಲ್ಲ" ಎಂದು ಸಹಿ ಹಾಕಿಸಿಕೊಳ್ಳುವ ಹಳೆಯ ಪದ್ಧತಿ, ನನ್ನ ದೃಷ್ಟಿಯಲ್ಲಿ, ವೈದ್ಯರ ಸಮಾಧಾನಕ್ಕಷ್ಟೇ.

ಕಡತದಲ್ಲಿ "ಅಪಾಯ ಕಡಿಮೆ" ಎಂದು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ರೋಗಿ ಏನು ಹೇಳಿದರು, ಮುಂದಿನ ಭೇಟಿ ಯಾವಾಗ ಎಂಬಷ್ಟನ್ನು ಬರೆಯುತ್ತೇನೆ.