ಪುಡಿ ಮಾಡಿ ಕೊಡಬಹುದೇ?

ನಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲಿ ಮೀಥೈಲ್‌ಫೆನಿಡೇಟ್, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ಮಕ್ಕಳಿಗೆ ಕೊಡುವ ಔಷಧ, ಇರುವುದು ಎರಡು ಬೀಗದ ಬೀರುವಿನಲ್ಲಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧವಾದ್ದರಿಂದ, ಒಂದು ಸ್ಟ್ರಿಪ್ ಹೊರಗೆ ಹೋಗಬೇಕಾದರೂ ಚೀಟಿಯ ಪ್ರತಿ, ರೋಗಿಯ ವಿಳಾಸ, ಬ್ಯಾಚ್ ಸಂಖ್ಯೆ, ಉಳಿದ ಮಾತ್ರೆಗಳ ಲೆಕ್ಕ ಎಲ್ಲವನ್ನೂ ನಾವು ರಿಜಿಸ್ಟರಿಗೆ ಏರಿಸುತ್ತೇವೆ. ಪರೀಕ್ಷೆ ಹತ್ತಿರವಾದಾಗ ಹಳೆಯ ಚೀಟಿ ಹಿಡಿದು ಬರುವ ಕಾಲೇಜು ಹುಡುಗರನ್ನು ಬರಿಗೈಯಲ್ಲಿ ಕಳುಹಿಸುವುದರಲ್ಲಿ ನಾನು ಗಟ್ಟಿಗನೆಂಬ ಹೆಮ್ಮೆಯೂ ನನಗಿತ್ತು.

ಆ ಸೋಮವಾರ ಕೌಂಟರಿಗೆ ಬಂದದ್ದು ಎಂಟು ವರ್ಷದ ಹುಡುಗನೊಬ್ಬನ ತಾಯಿ. ಅವನು ಅದುವರೆಗೆ ದಿನಕ್ಕೆರಡು ಬಾರಿ 10 ಮಿ.ಗ್ರಾಂ. ಸಾದಾ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಮಧ್ಯಾಹ್ನದ್ದನ್ನು ಶಾಲೆಯಲ್ಲಿ ಕೊಡುವವರಿಲ್ಲವೆಂದು ಡಾಕ್ಟರು ಬೆಳಿಗ್ಗೆ ಒಂದೇ 20 ಎಸ್‌ಆರ್, ಅಂದರೆ ನಿಧಾನವಾಗಿ ಔಷಧ ಬಿಡುವ ಮಾತ್ರೆ, ಬರೆದಿದ್ದರು. ಹಿಂದಿನ ಶಿಫ್ಟಿನ ಲೆಕ್ಕದಲ್ಲಿ ಒಂದು ಸ್ಟ್ರಿಪ್ ಹೊಂದುತ್ತಿರಲಿಲ್ಲ, ನಾನು ಅದರಲ್ಲೇ ಮುಳುಗಿದ್ದೆ. "ಇವನಿಗೆ ನುಂಗೋಕೆ ಬರಲ್ಲ ಸಾರ್, ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡಬಹುದಾ?" ಎಂದರು. ನಾನು ತಲೆ ಎತ್ತದೆ, "ಕೊಡಿ ಅಮ್ಮ, ಏನೂ ಆಗಲ್ಲ" ಎಂದೆ. ಬಿಲ್ಲಿಂಗ್ ಪರದೆಯಲ್ಲಿ ಉದ್ದನೆಯ ಹೆಸರುಗಳ ಬಾಲ ಕತ್ತರಿಸಿಹೋಗುವುದರಿಂದ 'ಎಸ್‌ಆರ್' ಕಾಣುತ್ತಿರಲಿಲ್ಲ ಎಂಬುದು ನಿಜ. ಆದರೆ ಸ್ಟ್ರಿಪ್ ನನ್ನ ಕೈಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ ಬೀರುವಿನಲ್ಲಿ ಉಳಿದ ಅದೇ ಮಾತ್ರೆಯ ಸ್ಟ್ರಿಪ್ಪಿನ ಬ್ಯಾಚ್ ಸಂಖ್ಯೆ ತಾಳೆ ನೋಡುವಾಗ ಆ ಎರಡಕ್ಷರ ಕಣ್ಣಿಗೆ ಬಿದ್ದವು. ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪವೇ ಔಷಧ ಬಿಡಲೆಂದು ಮಾಡಿದ ಮಾತ್ರೆಯನ್ನು ಅರೆದರೆ ಅಷ್ಟೂ ಒಮ್ಮೆಗೇ ಮೈಗೆ ಸೇರುತ್ತದೆ. ಹತ್ತಕ್ಕೆ ಒಗ್ಗಿದ ಮಗುವಿಗೆ ಒಂದೇ ಏಟಿಗೆ ಇಪ್ಪತ್ತು. ಕೂಡಲೇ ಫೋನ್ ಮಾಡಿದೆನೆಂದು ಬರೆಯುವ ಆಸೆಯಿದೆ, ಆದರೆ ಮಾಡಲಿಲ್ಲ. ಆಕೆ ಕೇಳಿದ್ದು ಬೇರೆ ಔಷಧದ ಬಗ್ಗೆಯೇ ಇರಬಹುದೇ, ಡಾಕ್ಟರು ಒಂಬತ್ತಕ್ಕೆ ಬಂದ ಮೇಲೆ ಹೇಳಿದರೆ ಸಾಲದೇ, ಮೇಲಿನವರಿಗೆ ತಿಳಿದರೆ ಏನಾದೀತು ಎಂದು ಲೆಕ್ಕ ಹಾಕುತ್ತಾ ಸ್ಟ್ರಿಪ್ಪನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಐದಾರು ನಿಮಿಷ ಕಳೆದೆ. ಎರಡು ಸಲ ರಿಂಗಾಗಿ ನಿಂತುಹೋಯಿತು. ಮೂರನೆಯ ಸಲ ಎತ್ತಿದವರು, "ಈಗ ತಾನೇ ಕುಡಿಸಿದೆ ಸಾರ್, ಯಾಕೆ?" ಎಂದರು.

ಈಗ ತಾನೇ. ನನ್ನ ಆ ಐದು ನಿಮಿಷದೊಳಗೇ.

ಎಮರ್ಜೆನ್ಸಿಗೆ ಕರೆಸಿ, ಡ್ಯೂಟಿ ಡಾಕ್ಟರಿಗೆ ನಾನೇ ಹೋಗಿ ಒಪ್ಪಿಕೊಂಡೆ. ಹುಡುಗನ ನಾಡಿ 128 ಇತ್ತು, ರಕ್ತದೊತ್ತಡ ತುಸು ಏರಿತ್ತು. ಇಸಿಜಿ ತೆಗೆದು, ಮಾನಿಟರ್ ಹಾಕಿ ಮಧ್ಯಾಹ್ನದವರೆಗೆ ಇಟ್ಟುಕೊಂಡರು. ಅವನು ಬೆರಳಿನ ಕ್ಲಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಅಲಾರಂ ಕೂಗಿಸುತ್ತಿದ್ದ. ತಾಯಿ ತಂದ ಇಡ್ಲಿಯನ್ನು ಮುಟ್ಟಲಿಲ್ಲ. ಎರಡು ಗಂಟೆಗೆ ನಾಡಿ ನೂರರ ಕೆಳಗಿಳಿಯಿತು. ಡಾಕ್ಟರು ಮತ್ತೆ ಸಾದಾ ಮಾತ್ರೆಯನ್ನೇ ಬರೆದು, ಮಧ್ಯಾಹ್ನದ ಮಾತ್ರೆಗಾಗಿ ಶಾಲೆಗೆ ಪತ್ರ ಕೊಟ್ಟರು.

ಈಗ ನಾನು ಚೀಟಿ ಓದುವ ಮೊದಲು ಮಗು ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತದೆಂದು ಕೇಳುತ್ತೇನೆ, ಎಸ್‌ಆರ್ ಇದ್ದರೆ ಕವರಿನ ಮೇಲೆ 'ಅರೆಯಬಾರದು, ಅಗಿಯಬಾರದು' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಪರದೆಯ ಹೆಸರು ಸರಿಪಡಿಸಿ ಎಂಬ ನನ್ನ ಅರ್ಜಿಗೆ ಬಂದಿರುವುದು ಟಿಕೆಟ್ ಸಂಖ್ಯೆ ಮಾತ್ರ. ಇನ್‌ಸಿಡೆಂಟ್ ಫಾರಂ ನೋಡಿದ ಆಡಳಿತದವರು ಮೊದಲು ಕೇಳಿದ್ದು ರಿಜಿಸ್ಟರ್ ಸರಿಯಿದೆಯೇ ಎಂದು. ಸರಿಯಾಗಿಯೇ ಇತ್ತು. ತಾಯಿ ವಾಪಸು ತಂದ, ಒಂದು ಮಾತ್ರೆ ಕಡಿಮೆಯಿದ್ದ ಆ ಸ್ಟ್ರಿಪ್ಪನ್ನು ನಮೂದಿಸಲು ಮಾತ್ರ ಅದರಲ್ಲಿ ಅಂಕಣವೇ ಇರಲಿಲ್ಲ.