ಎಡೆಬಿಡದೆ ಎಂದರೆ ಎಷ್ಟು ಹೊತ್ತಿಗೊಮ್ಮೆ?

‘ಎಡೆಬಿಡದೆ ಪ್ರಾರ್ಥನೆ ಮಾಡಿರಿ’ ಎಂಬ ಮಾತನ್ನು (1 ಥೆಸಲೋನಿಕ 5:17) ಓದಿ ಕೆಲವರು ಇದು ಮಠದವರಿಗೆ ಹೇಳಿದ್ದು ಅಂತ ಪುಟ ತಿರುವುತ್ತಾರೆ. ಇನ್ನು ಕೆಲವರು ನಾಲ್ಕು ದಿನ ಬಾಯೊಳಗೆ ಗುಣುಗುಟ್ಟಿ ಐದನೆಯ ದಿನ ಸುಸ್ತಾಗುತ್ತಾರೆ. ಅದೇ ಪತ್ರದ 2:9 ನೋಡಿ. ನಿಮ್ಮಲ್ಲಿ ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದೆವು ಅನ್ನುತ್ತಾನೆ ಪೌಲ. ಗುಡಾರ ಮಾಡುವುದು ಅವನ ಕಸುಬು. ಹೊಟ್ಟೆಪಾಡಿಗೆ ದುಡಿಯುತ್ತಿದ್ದವನು ಬರೆದ ಮಾತಿದು. ಬಾಯಿ ಮುಚ್ಚದೆ ಪ್ರಾರ್ಥಿಸಿ ಅಂತ ಅವನು ಹೇಳಿರಲಾರ.

ಅಂಗಳದಲ್ಲಿ ಆಡುವ ಮಗು ಒಳಗಿರುವ ಅಮ್ಮನನ್ನು ಇಡೀ ಹೊತ್ತು ನೆನೆಯುವುದಿಲ್ಲ. ಆದರೆ ಕಾಲಿಗೆ ಮುಳ್ಳು ಚುಚ್ಚಿದರೂ ಗುಬ್ಬಿ ಕಂಡರೂ ಕೂಗುವುದು ‘ಅಮ್ಮಾ’ ಅಂತಲೇ. ದೇವರೊಡನೆ ಅನ್ಯೋನ್ಯತೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಅರ್ಥ ಹುಡುಕುವುದು ಬೇಡ. ಮರೆತುಹೋಗುವುದು ಇದರಲ್ಲಿ ಲೆಕ್ಕಕ್ಕಿಲ್ಲ. ಮರೆತೆನಲ್ಲಾ ಅಂತ ನಾಚಿ ಅರ್ಧ ದಿನ ದೂರ ನಿಲ್ಲುತ್ತೇವಲ್ಲ, ಕೆಡುವುದು ಅಲ್ಲಿ. ನೆನಪಾದ ಕೂಡಲೇ ಸಮಜಾಯಿಷಿ ಕೊಡದೆ ಮಾತು ಮುಂದುವರಿಸಬೇಕು.

ಮೊದಲು ಬೇಕಾದದ್ದು ಒಂದು ಚಿಕ್ಕ ಕೂಗು. ಐದಾರು ಪದ, ಒಂದು ಉಸಿರಿನಲ್ಲಿ ಮುಗಿಯಬೇಕು. ‘ಸರ್ವಶಕ್ತನೂ ಕೃಪಾಪೂರ್ಣನೂ ಆದ ನಮ್ಮ ಪರಲೋಕದ ತಂದೆಯೇ’ ಅಂತ ಶುರುಮಾಡಿದರೆ ವಿಷಯಕ್ಕೆ ಬರುವಷ್ಟರಲ್ಲಿ ಬಸ್ಸು ಮಂಗಳೂರಿನ ಪಂಪ್‌ವೆಲ್ ವೃತ್ತ ದಾಟಿರುತ್ತದೆ, ಮಾರಾಯ್ರೆ. ಯೇಸು ಹೇಳಿದ ಸಾಮ್ಯದಲ್ಲಿ ಬರುವ ಸುಂಕದವನ ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು’ (ಲೂಕ 18:13) ಎಂಬುದೇ ಸಾಕು. ನಾಲ್ಕು-ಐದನೆಯ ಶತಮಾನದ ಸನ್ಯಾಸಿ ಜಾನ್ ಕ್ಯಾಸಿಯನ್ ಇದಕ್ಕೆಂದು ಹೇಳಿಕೊಟ್ಟದ್ದು 70ನೆಯ ಕೀರ್ತನೆಯ ಮೊದಲ ಸಾಲು: ದೇವರೇ, ನನ್ನ ಸಹಾಯಕ್ಕೆ ಬಾ, ಬೇಗ ಬಾ. ಭಯಕ್ಕೂ ಸಿಟ್ಟಿಗೂ ಸೋಮಾರಿತನಕ್ಕೂ ಇದು ಹೊಂದುತ್ತದೆ. ಮುಖ್ಯವಾಗಿ, ನೋವಾದಾಗ ಬಾಯಿಗೆ ಬರುವ ಭಾಷೆಯಲ್ಲೇ ಕೂಗಿ. ಚರ್ಚಿನಲ್ಲಿ ಗ್ರಂಥದ ಕನ್ನಡ ಇರಲಿ. ಮನೆಮಾತು ಕೊಂಕಣಿಯಾದರೆ ‘ಸೊಮಿಯಾ, ಕಾಕುಳ್ತ್ ಕರ್’ (ಪ್ರಭುವೇ, ಕರುಣಿಸು) ಅನ್ನಿ, ತುಳುವಾದರೆ ತುಳುವಿನಲ್ಲೇ ಹೇಳಿ. ಒಂದು ಸಾಲು ಆರಿಸಿದ ಮೇಲೆ ಕನಿಷ್ಠ ಒಂದು ತಿಂಗಳು ಬದಲಿಸಬೇಡಿ. ವಾಟ್ಸಾಪ್‌ನಲ್ಲಿ ದಿನಕ್ಕೊಂದು ವಾಕ್ಯ ಬರುತ್ತದೆ, ಚೆನ್ನಾಗಿಯೂ ಇರುತ್ತದೆ, ಆದರೆ ಅಷ್ಟು ಬೇಗ ಯಾವುದೂ ನಾಲಿಗೆಗೆ ಹತ್ತುವುದಿಲ್ಲ.

ಎರಡನೆಯದು ಆ ಸಾಲನ್ನು ತೂಗುಹಾಕಲು ಗೂಟ. ‘ಇವತ್ತು ನೆನಪಿಟ್ಟುಕೊಳ್ಳುತ್ತೇನೆ’ ಎಂಬ ಸಂಕಲ್ಪ ಹತ್ತು ಗಂಟೆಯ ಚಹಾದವರೆಗೂ ಬಾಳುವುದಿಲ್ಲ. ದಿನವೂ ತಪ್ಪದೆ ಆಗುವ, ಶುರು-ಕೊನೆ ಸ್ಪಷ್ಟವಾಗಿರುವ ಕೆಲಸಕ್ಕೆ ಅದನ್ನು ಕಟ್ಟಬೇಕು. ಒಲೆ ಹಚ್ಚುವುದು, ಬೀಗ ತೆಗೆಯುವುದು, ಬಸ್ಸಿನಲ್ಲಿ ಟಿಕೆಟ್ ತೆಗೆದು ಚಿಲ್ಲರೆ ಜೇಬಿಗೆ ಹಾಕುವುದು. ಬೀಡಿ ಕಟ್ಟುವವರಿಗೆ ಒಂದೊಂದು ಕಟ್ಟು ಮುಗಿದಾಗ. ಆಸ್ಪತ್ರೆಯಲ್ಲಿ ದುಡಿಯುವವರಿಗೆ ಇನ್ನೂ ಸುಲಭ: ರೋಗಿಯಿಂದ ರೋಗಿಗೆ ಹೋಗುವಾಗ ಕೈಗೆ ಸ್ಯಾನಿಟೈಸರ್ ಉಜ್ಜಲು 20ರಿಂದ 30 ಸೆಕೆಂಡು ಹೇಗೂ ಬೇಕು, ಮುಂದಿನ ಹಾಸಿಗೆಯವರ ಹೆಸರು ಹೇಳಿ ಕರುಣಿಸು ಅನ್ನಲು ಅಷ್ಟು ಧಾರಾಳ. ಮೊದಲ ವಾರ ಮೂರೇ ಗೂಟ, ಆಮೇಲೆ ವಾರಕ್ಕೊಂದು ಸೇರಿಸಿ. ಫೋನ್ ಟಿಂಗ್ ಅಂದಾಗಲೆಲ್ಲ ಎಂದು ಇಟ್ಟುಕೊಳ್ಳಬೇಡಿ. ಅತಿಯಾಗಿ ಬಡಿಯುವ ಗಂಟೆಗೆ ಕಿವಿ ಎರಡೇ ದಿನದಲ್ಲಿ ಕಿವುಡಾಗುತ್ತದೆ.

ಕರಾವಳಿಯ ಕಥೋಲಿಕರಿಗೆ ಈ ಗೂಟ ಮೊದಲೇ ಹೊಡೆದಿಟ್ಟಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಇಗರ್ಜಿಯ ಗಂಟೆಗೆ ತ್ರಿಕಾಲ ಪ್ರಾರ್ಥನೆ, ರಾತ್ರಿ ಮನೆಮಂದಿಯೆಲ್ಲ ಕೂತು ತೇರ್ಸ್, ಅಂದರೆ ಜಪಮಾಲೆ. ಪ್ರೊಟೆಸ್ಟೆಂಟರಾದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರು ಇದನ್ನು ನೋಡಿ ಕಲಿತರೆ ನಷ್ಟವೇನೂ ಇಲ್ಲ. ಪ್ರಾರ್ಥನೆಯ ಪಾಠ ಬೇರೆಯಾಗಬಹುದು, ಗಂಟೆ ಎಲ್ಲರಿಗೂ ಕೇಳುತ್ತದೆ.

ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಅಡುಗೆಯವರಿದ್ದರು, 1691ರಲ್ಲಿ ತೀರಿಕೊಂಡರು. (ಕಾರ್ಕಳ ಬಳಿಯ ಅತ್ತೂರಿನ ಜಾತ್ರೆಯ ಸಂತ ಲಾರೆನ್ಸ್ ಬೇರೆ, ಅವರು 258ರಲ್ಲಿ ರೋಮಿನಲ್ಲಿ ಹುತಾತ್ಮರಾದವರು.) ಪಾತ್ರೆಗಳ ಗದ್ದಲದ ನಡುವೆಯೂ ದೇವರೊಡನೆ ಇದ್ದರು ಅಂತ ಎಲ್ಲ ಪ್ರಸಂಗಗಳಲ್ಲೂ ಇವರ ಹೆಸರು ಬರುತ್ತದೆ. ಮೊದಲ ಹತ್ತು ವರ್ಷ ತುಂಬ ಕಷ್ಟವಾಯಿತು ಅಂತ ಅವರೇ ಬರೆದದ್ದನ್ನು ಮಾತ್ರ ಪ್ರಸಂಗಿಗಳು ಬಿಟ್ಟುಬಿಡುತ್ತಾರೆ. ನಲವತ್ತು ದಿನದ ಉಪವಾಸಕಾಲದಲ್ಲಿ ಫಲ ಕಾಣಲಿಲ್ಲ ಅಂತ ಬೇಸರಪಡುವವರಿಗೆ ಹೇಳಬೇಕಾದದ್ದು ಅದೇ. 1930ರಲ್ಲಿ ಫಿಲಿಪ್ಪೀನ್ಸ್‌ನಲ್ಲಿದ್ದ ಮಿಷನರಿ ಫ್ರಾಂಕ್ ಲಾಬಾಕ್ ನಿಮಿಷ ನಿಮಿಷಕ್ಕೂ ದೇವರನ್ನು ನೆನೆಯುವ ಪ್ರಯೋಗ ಮಾಡಿದರು. ಲೆಕ್ಕ ಇಡುವುದು ಕೆಲವರಿಗೆ ಹುರುಪು ಕೊಡುತ್ತದೆ. ನನ್ನ ಕೇಳಿದರೆ ಅಂಕ ಬರೆದಿಡುವುದು ಬೇಡ. ಹೆಚ್ಚು ಬಂದ ದಿನ ಜಂಬ, ಕಡಿಮೆ ಬಂದ ದಿನ ಕೊರಗು, ಎರಡರಲ್ಲೂ ಕಣ್ಣು ನಮ್ಮ ಮೇಲೆಯೇ.

ಕೈಕೆಲಸ, ತಲೆಕೆಲಸ ಎಂಬ ಭೇದ ತಿಳಿದಿರಲಿ. ನೀರುದೋಸೆ ಹೊಯ್ಯುವಾಗ, ಮೀನು ಹೆಚ್ಚುವಾಗ, ಅಂಗಳ ಗುಡಿಸುವಾಗ ಮನಸ್ಸು ಖಾಲಿ ಇರುತ್ತದೆ, ಮಾತಾಡಬಹುದು. ಬ್ಯಾಂಕಿನ ಲೆಕ್ಕ ತಾಳೆ ನೋಡುವಾಗ, ಹೆದ್ದಾರಿ 66ರಲ್ಲಿ ಗಾಡಿ ಓಡಿಸುವಾಗ ಗಮನವೆಲ್ಲ ಅಲ್ಲೇ ಇರಬೇಕು. ಅಂಥ ಕೆಲಸವನ್ನು ಶುರುಮಾಡುವ ಮುಂಚೆ ಒಂದು ಮಾತಿನಲ್ಲಿ ಒಪ್ಪಿಸಿ, ಮುಗಿದ ಮೇಲೆ ಒಂದು ಮಾತು. ನಡುವೆ ಒತ್ತಾಯದಿಂದ ನೆನೆಯಹೋದರೆ ಕೆಲಸವೂ ಕೆಡುತ್ತದೆ, ಪ್ರಾರ್ಥನೆಯೂ ಆಗುವುದಿಲ್ಲ. ಆದರೆ ಮೇಲಧಿಕಾರಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಆ ಕ್ಷಣ ನಿಮ್ಮದು. ನೆಹೆಮೀಯ 2:4ರಲ್ಲಿ ಅರಸ ‘ಏನು ಬೇಕು’ ಅಂದದ್ದಕ್ಕೂ ಅವನ ಸೇವಕ ನೆಹೆಮೀಯ ಬಾಯಿ ತೆರೆದದ್ದಕ್ಕೂ ನಡುವೆ ಒಂದು ಪ್ರಾರ್ಥನೆ ಇದೆ. ಅರಸನಿಗೆ ಗೊತ್ತೂ ಆಗಿರಲಿಕ್ಕಿಲ್ಲ.

ಬೆಳಗ್ಗೆ ಫೋನ್ ಮುಟ್ಟುವ ಮೊದಲು 15 ನಿಮಿಷ ಸುವಾರ್ತೆ ಓದದಿದ್ದರೆ ಇದೆಲ್ಲ ನಿಲ್ಲುವುದಿಲ್ಲ. ಸಂಗ್ರಹವಿಲ್ಲದೆ ದಿನವಿಡೀ ನಮ್ಮ ಮಾತೇ ನಮಗೆ ಕೇಳಿಸುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ. ದಿನಕ್ಕೆ ಅರ್ಧ ಓದಿದರೆ ಹೆಚ್ಚುಕಡಿಮೆ ಒಂದು ತಿಂಗಳು. ರಾತ್ರಿ ಹತ್ತು ನಿಮಿಷ ದಿನವನ್ನು ಹಿಂದೆ ತಿರುಗಿ ನೋಡುವುದು ಸಂತ ಇಗ್ನೇಷಿಯಸ್ ಕಲಿಸಿದ ಕ್ರಮ. ಅವರು ಕಟ್ಟಿದ ಯೇಸುಸಭೆಯವರು (ಜೆಸ್ವಿಟರು) 1878ರಿಂದ ಮಂಗಳೂರಿನಲ್ಲಿದ್ದಾರೆ, ಈ ಕ್ರಮ ಗೊತ್ತಿರುವವರು ಊರಲ್ಲಿ ಸಿಗುತ್ತಾರೆ. ಒಂದೇ ಎಚ್ಚರ: ಉಪಕಾರ ಸ್ಮರಣೆಯಿಂದ ಶುರುಮಾಡಿ. ತಪ್ಪುಗಳಿಂದ ಶುರುಮಾಡಿದರೆ ಅಲ್ಲೇ ನಿದ್ದೆ ಬರುತ್ತದೆ.

ಎಲ್ಲ ಸರಿಯಾಗಿ ಮಾಡಿಯೂ ಒಳಗೆ ಒಣಗಿದಂತಿದ್ದರೆ ಮೊದಲು ನಿದ್ದೆ, ಊಟ, ಆರೋಗ್ಯ ನೋಡಿ. ಅದು ಸರಿಯಿದ್ದರೆ ಮನಸ್ತಾಪ ನೋಡಿ. ಅಣ್ಣನ ಜೊತೆ ಆಸ್ತಿಪಾಲಿನ ದಾವೆ ಮನಸ್ಸಿನಲ್ಲಿ ಕುದಿಯುತ್ತಿರುವಾಗ ಯಾವ ಸಾಲೂ ಗಂಟಲಿನಿಂದ ಕೆಳಗಿಳಿಯದು. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅಂತ ಮತ್ತಾಯ 5:24 ಹೇಳುವುದು ಅದಕ್ಕೇ. ದಾವೆ ಇವತ್ತೇ ಮುಗಿಯಬೇಕಾಗಿಲ್ಲ, ಒಂದು ಫೋನ್ ಸಾಕು. ಕಾರಣವೇ ಸಿಗದಿದ್ದರೆ 88ನೆಯ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಲ್ಲಿದೆ.

ಮನಸ್ಸಿಗೆ ಬಂದದ್ದನ್ನೆಲ್ಲ ದೇವರ ಮಾತು ಅಂತ ಹಿಡಿದುಕೊಳ್ಳಬೇಡಿ. ಕೆಲಸ ಬಿಡುವುದು, ಮದುವೆ, ಜಾಗ ಮಾರುವುದು ಇಂಥದ್ದಾದರೆ ವಾಕ್ಯದೊಡನೆ ತಾಳೆ ನೋಡಿ, ನಿಮಗೆ ‘ಬೇಡ’ ಅನ್ನುವ ಧೈರ್ಯವಿರುವ ಹಿರಿಯರೊಬ್ಬರನ್ನು ಕೇಳಿ, ಕೆಲವು ದಿನ ಕಾಯಿರಿ. ಇನ್ನೊಂದು, ಇಷ್ಟು ಸಲ ಹೇಳದಿದ್ದರೆ ಮನೆಗೆ ಕೆಡುಕಾಗುತ್ತದೆ ಎಂಬ ಹೆದರಿಕೆ ಹುಟ್ಟಿ ಮತ್ತೆ ಮತ್ತೆ ಮೊದಲಿಂದ ಹೇಳುವಂತಾದರೆ ಅಲ್ಲಿಗೆ ನಿಲ್ಲಿಸಿ. ಅದು ಭಕ್ತಿ ಹೆಚ್ಚಾದದ್ದಲ್ಲ, ಗೀಳು. ಪಾದ್ರಿಗಳಿಗೆ ಹೇಳಿ, ಮನೋವೈದ್ಯರನ್ನೂ ಕಾಣಿ, ಇದಕ್ಕೆ ಮದ್ದಿದೆ.