ಕತ್ತರಿಸಿದ ಮೂರು ಹಾಳೆ

ನಮ್ಮ ತರ್ಕಶಾಸ್ತ್ರದ ಮೇಷ್ಟ್ರು ಎಂದರೆ ಆ ಪುಸ್ತಕವೇ ಕಣ್ಣಮುಂದೆ ಬರುತ್ತದೆ. ಗ್ರಂಥಾಲಯದ ಪ್ರತಿಯಿಂದ ಯಾರೋ ಬ್ಲೇಡಿನಲ್ಲಿ 3 ಹಾಳೆ ಕತ್ತರಿಸಿದ್ದರು. ಯಾರು ಮಾಡಿದ್ದು ಎಂದು ಮೇಷ್ಟ್ರು ಮೊದಲು ಕೇಳಲಿಲ್ಲ. ಯಾರಿಗೆ ಏನು ನಷ್ಟವಾಯಿತು ಎಂದು ಕೇಳಿ, ಉತ್ತರವನ್ನು ಬರೆಸಿದರು.

ಇಡೀ ತರಗತಿಗೆ ದಂಡ ಹಾಕುವ ಮಾತು ಬಂತು. ಅವರು ಒಪ್ಪಲಿಲ್ಲ. ಹಾಗೆ ಮಾಡಿದರೆ ತಪ್ಪಿತಸ್ಥನಿಗೆ ಗುಂಪೇ ಮರೆಯಾಗುತ್ತದೆ. ಗೊತ್ತಿದ್ದವರೂ ದಂಡ ಕಟ್ಟಿಯಾಯಿತಲ್ಲ ಎಂದು ಸುಮ್ಮನಾಗುತ್ತಾರೆ. ಅನುಮಾನ ಬಂದ ಹುಡುಗನನ್ನು ಒಬ್ಬನನ್ನೇ ಕರೆದು, ಆರೋಪವನ್ನೂ ಅದರ ಆಧಾರವನ್ನೂ ತಿಳಿಸಿ, ಉತ್ತರಕ್ಕೆ ಒಂದು ದಿನ ಕೊಟ್ಟರು. ಎಲ್ಲರೆದುರು ಕೇಳಿದರೆ ಮಾನ ಉಳಿಸಿಕೊಳ್ಳಲು ಸುಳ್ಳು ಹುಟ್ಟುತ್ತದೆ, ಆಮೇಲೆ ಆ ಸುಳ್ಳನ್ನು ಕಾಯುವುದೇ ಕೆಲಸವಾಗುತ್ತದೆ. ನಷ್ಟ ಗ್ರಂಥಪಾಲಕರದ್ದು, ಆದ್ದರಿಂದ ವಿಚಾರಣೆಗೆ ಅವರು ಕೂರಲಿಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ಸಹಜ ನ್ಯಾಯದ ನಿಯಮವನ್ನು ನಾವು ಕಲಿತದ್ದು ಹಾಗೆ.

ಹುಡುಗ ಒಪ್ಪಿಕೊಂಡ. ಅವನ ಮೊದಲ ಪತ್ರದಲ್ಲಿ ‘ತೊಂದರೆಯಾಗಿದ್ದರೆ ಕ್ಷಮಿಸಿ’ ಎಂದಿತ್ತು. ‘ಆಗಿದ್ದರೆ’ ಎಂಬುದರ ಕೆಳಗೆ ಗೆರೆ ಎಳೆದು ಮೇಷ್ಟ್ರು ವಾಪಸ್ ಕೊಟ್ಟರು. ಮಾಡಿದ್ದೇನು, ಅದರಿಂದ ಯಾರಿಗೆ ಏನಾಯಿತು, ಹೇಗೆ ಸರಿಪಡಿಸುತ್ತೇನೆ, ಯಾವ ದಿನದೊಳಗೆ: ಇವು 4 ಇರಬೇಕು, ‘ಆದರೆ’ ಎಂಬ ಪದ ಎಲ್ಲೂ ಇರಬಾರದು.

1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ನಡೆದದ್ದನ್ನು ಅವರು ಹೇಳಿದ್ದು ಆಗಲೇ. ಇಬ್ಬರು ತರುಣರು 22 ಕಡೆ ಜನರ ಆಸ್ತಿ ಹಾಳು ಮಾಡಿದ್ದರು. ತಪ್ಪಿತಸ್ಥರ ಮೇಲ್ವಿಚಾರಣೆ ನೋಡುವ ಪ್ರೊಬೇಷನ್ ಅಧಿಕಾರಿಯ ಸಲಹೆಯ ಮೇಲೆ ನ್ಯಾಯಾಧೀಶರು ಅವರನ್ನು ನೊಂದವರ ಬಾಗಿಲಿಗೇ ಕಳಿಸಿದರು. ಅವರು ಎದುರು ನಿಂತು ಮಾತಾಡಿ ನಷ್ಟ ತುಂಬಿಕೊಟ್ಟರು.

ಈ ದಾರಿ ಎಲ್ಲದಕ್ಕೂ ಸಲ್ಲದು, ಇದನ್ನು ಮೇಷ್ಟ್ರು ಒತ್ತಿ ಹೇಳುತ್ತಿದ್ದರು. ಬಲವಿದ್ದವನು ದುರ್ಬಲನನ್ನು ಪೀಡಿಸಿದ್ದರೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದು ಎರಡನೇ ಪೀಡನೆ. ಅಲ್ಲಿ ಮೊದಲು ನೊಂದವನಿಗೆ ರಕ್ಷಣೆ ಸಿಗಬೇಕು. ಭೇಟಿ ಬೇಕೋ ಬೇಡವೋ ಎಂಬುದು ಅವನಿಗೇ ಬಿಟ್ಟದ್ದು, ಕ್ಷಮೆಯೂ ಅಷ್ಟೇ. ‘ಹೋಗಲಿ ಬಿಡು, ಕೈ ಕುಲುಕು’ ಎನ್ನುವ ಹಿರಿಯರಿಗೆ ಬೇಕಾದದ್ದು ತಮ್ಮ ನೆಮ್ಮದಿ. ನೊಂದವನ ಅಳಲು ಅಲ್ಲೇ ಉಳಿಯುತ್ತದೆ.

ಹುಡುಗ ಬೇರೆ ಪ್ರತಿಯಿಂದ ಆ ಪುಟಗಳ ಜೆರಾಕ್ಸ್ ತಂದ. ಅಂಟು ಹೆಚ್ಚಾದರೆ ಅಕ್ಕಪಕ್ಕದ ಪುಟಗಳೂ ಹಿಡಿದುಕೊಳ್ಳುತ್ತವೆ, ಹಾಗಾಗಿ ಬ್ಲೇಡು ಉಳಿಸಿದ್ದ ಕಿರುಅಂಚಿಗಷ್ಟೇ ತೆಳ್ಳಗೆ ಸವರಿ ಅಂಟಿಸಿ, ರಾತ್ರಿಯಿಡೀ ಭಾರ ಹೇರಿಟ್ಟ. ಪುಸ್ತಕ ಕಪಾಟು ಸೇರಿದ ಮೇಲೆ ಮೇಷ್ಟ್ರು ಆ ವಿಷಯ ಎತ್ತಲಿಲ್ಲ, ಬೇರೆಯವರು ಎತ್ತಲೂ ಬಿಡಲಿಲ್ಲ.